ನರಿಯ ಹೆಸರಿನ ಬೋಳು

ತಲೆಯಲ್ಲಿ ಕಾಸಿನಗಲ ಕೂದಲುದುರಿ ನುಣ್ಣಗಾದರೆ ‘ಹುಳ ತಿಂದಿದೆ’ ಎನ್ನುವುದು ಕನ್ನಡನಾಡಿನ ಹಳ್ಳಿಗಳ ವಾಡಿಕೆ. ವೈದ್ಯರ ಚೀಟಿಯಲ್ಲಿ ಅದು ‘ಅಲೊಪೀಸಿಯ ಏರಿಯೇಟ’ ಆಗುತ್ತದೆ. ಈ ಘನವಾದ ಹೆಸರನ್ನು ಬಿಡಿಸಿ ನೋಡಿದರೆ ಒಳಗೆ ಕುಳಿತಿರುವುದು ಒಂದು ನರಿ!

‘ಅಲೊಪೀಸಿಯ’ ಎಂಬುದು ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದ ಮಾತು. ‘ಅಲೋಪೆಕ್ಸ್’ ಎಂದರೆ ಗ್ರೀಕರಿಗೆ ನರಿ. ಕಜ್ಜಿ ಹತ್ತಿದ ನರಿಯ ಮೈಗೂದಲು ಅಲ್ಲಲ್ಲಿ ಉದುರುವುದನ್ನು ಕಂಡವರು ಮನುಷ್ಯನ ತಲೆಗೂ ಅದೇ ಹೆಸರನ್ನು ಅಂಟಿಸಿದರು. ‘ಏರಿಯ’ ಎಂದರೆ ಲ್ಯಾಟಿನ್ನಿನಲ್ಲಿ ಬರಿಯ ನೆಲ, ಒಕ್ಕುವ ಕಣ. ಬೆಳೆಯ ನಡುವೆ ಬೋಳಾಗಿ ಕಾಣುವ ಕಣವನ್ನು ನೆನೆದರೆ ಉಪಮೆಯ ಔಚಿತ್ಯ ಯಾವ ರೈತನಿಗೂ ಹೊಳೆಯದಿರದು. ಕ್ರಿಸ್ತಶಕ 1ನೆಯ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸ್ ಇನ್ನೊಂದು ಬಗೆಯನ್ನೂ ಹೇಳಿದ್ದಾನೆ. ಹಿಂದಲೆಯಿಂದ ಕಿವಿಗಳತ್ತ ಹರಿಯುವ ಆ ಬೋಳಿಗೆ ‘ಒಫಿಯಾಸಿಸ್’ ಎಂದು ಹೆಸರು. ಅದರ ಮೂಲ ಹಾವು. ಭಾರತದಲ್ಲಿ ಸುಶ್ರುತಸಂಹಿತೆಯು ಕೂದಲುದುರುವ ರೋಗವನ್ನು ‘ಇಂದ್ರಲುಪ್ತ’ವೆಂದು ಕರೆದು, ಪ್ರಾಣಿಗಳ ಗೊಡವೆಗೆ ಹೋಗದೆ ವಾತ, ಪಿತ್ತ, ಕಫಗಳಲ್ಲಿ ಕಾರಣವನ್ನು ಅರಸಿತು.

ನರಿಯ ಕಜ್ಜಿಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ತಿಪಟೂರು ಸೀಮೆಯ ಕಿಬ್ಬನಹಳ್ಳಿಯವರಿಗೆ ನುಸಿಯ ಪರಿಚಯ ಬೇರೆ ಬಗೆಯದು. 1990ರ ದಶಕದ ಕೊನೆಯಿಂದ ತೆಂಗಿನ ಎಳೆಗಾಯಿಗಳ ಸಿಪ್ಪೆಯನ್ನು ಕಂದಿಸಿ, ಕಾಯಿಯನ್ನು ಕುಗ್ಗಿಸಿದ್ದು ಅದೇ ಕುಲದ ಇನ್ನೊಂದು ಜೀವಿ. ಆದರೆ ಮನುಷ್ಯನ ತಲೆಯ ಈ ಬೋಳಿನಲ್ಲಿ ನುಸಿಯೂ ಇಲ್ಲ, ಹುಳವೂ ಇಲ್ಲ. ರೋಗಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಕೂದಲ ಬುಡದ ಮೇಲೆ ಬೀಳುವುದು ಇದರ ಕಾರಣ. ಬುಡ ಸಾಯುವುದಿಲ್ಲವಾದ್ದರಿಂದ ಎಷ್ಟೋ ಜನರಿಗೆ ಕೂದಲು ತಾನಾಗಿ ಮರಳುತ್ತದೆ. ಕೊಬ್ಬರಿಯೆಣ್ಣೆ ಇರುವ ಕೂದಲನ್ನು ನಯಗೊಳಿಸೀತು; ಈ ರೋಗಕ್ಕೆ ಅದು ಮದ್ದಲ್ಲ. ತೀವ್ರವಾದ ರೋಗಕ್ಕೆ ‘ಬ್ಯಾರಿಸಿಟಿನಿಬ್’ ಎಂಬ ಗುಳಿಗೆಯನ್ನು 2022ರಲ್ಲಿ ಅಮೆರಿಕೆಯ ಔಷಧ ಆಡಳಿತ ಒಪ್ಪಿತು. ವೈದ್ಯರ ಕಣ್ಗಾವಲಿಲ್ಲದೆ ಅದನ್ನು ಸೇವಿಸತಕ್ಕದ್ದಲ್ಲ.

ಹೆಸರು ತಪ್ಪಾದರೆ ನಡತೆಯೂ ತಪ್ಪುತ್ತದೆ. ಹುಳವೆಂದು ನಂಬಿದ ಮನೆಯವರು ಮಗುವಿನ ಬಾಚಣಿಗೆಯನ್ನು ಬೇರೆಯಿಡುತ್ತಾರೆ. ಶಾಲೆಯಲ್ಲಿ ಜೊತೆಯವರು ಬೆಂಚಿನಿಂದ ಸರಿದು ಕೂರುತ್ತಾರೆ. ಹೆಣ್ಣಿನ ತಲೆಯಾದರೆ ಮದುವೆಯ ಮಾತೇ ಮುರಿಯುತ್ತದೆ. ಆದರೆ ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವೇ ಅಲ್ಲ. ನರಿಯ ಹೆಸರು ವೈದ್ಯರ ಪುಸ್ತಕದಲ್ಲಿ ಇದ್ದುಕೊಳ್ಳಲಿ. ಕೂದಲು ಕಳೆದುಕೊಂಡ ಮಗುವಿಗೆ ಬೆಂಚಿನಲ್ಲಿ ಜಾಗವಿರಲಿ.