ತಕ್ಕಡಿಯೂ ಅವರದೇ, ಮುದ್ರೆಯೂ ಅವರದೇ?

ಬೇಗೂರಿನ ಯಾವ ಅಂಗಡಿಯವನೂ ತನ್ನ ತಕ್ಕಡಿಗೆ ತಾನೇ ಮುದ್ರೆ ಒತ್ತಿಕೊಳ್ಳುವಂತಿಲ್ಲ. ತೂಕ ಮತ್ತು ಅಳತೆ ಇಲಾಖೆಯವರು ನೋಡಬೇಕು, ಮುದ್ರೆ ಹಾಕಬೇಕು, ಶುಲ್ಕ ಈಸಿಕೊಳ್ಳಬೇಕು. "ನಮ್ಮಪ್ಪನ ಕಾಲದಿಂದ ನ್ಯಾಯವಾಗಿ ತೂಗ್ತಾ ಇದೀನಿ ಸಾರ್" ಎಂದರೆ ಕೇಳುವವರಿಲ್ಲ. ಬಸ್ಸಿನಲ್ಲೂ ಅಷ್ಟೇ. ಕಂಡಕ್ಟರ್ ಕೊಟ್ಟ ಟಿಕೆಟ್ಟಿಗೆ ಕಂಡಕ್ಟರೇ ತಪಾಸಣೆ ಮಾಡುವುದಿಲ್ಲ. ಊಟಿ ರಸ್ತೆಯಲ್ಲಿ ಎಲ್ಲೋ ಒಂದು ಕಡೆ ಕೈ ಅಡ್ಡ ಹಾಕಿ ಚೆಕಿಂಗ್‌ನವರು ಹತ್ತುತ್ತಾರೆ.

ಎರಡು ಕೇಜಿ ಅಕ್ಕಿಗೂ, ಒಂದು ಟಿಕೆಟ್ಟಿಗೂ ಇರುವ ಈ ನ್ಯಾಯ ಕೋಟಿಗಟ್ಟಲೆ ಡಾಲರ್ ಸಾಲ ಕೊಡುವ ಬ್ಯಾಂಕುಗಳಿಗೂ ಇದೆಯೇ? ಅರ್ಧ ಇದೆ, ಅರ್ಧ ಇಲ್ಲ. ಇಲ್ಲದ ಅರ್ಧದ ಬಗ್ಗೆಯೇ ಈ ಮಾತು.

ಬೇಗೂರಿಗೂ ವಾಷಿಂಗ್ಟನ್ನಿನ ವಿಶ್ವಬ್ಯಾಂಕಿಗೂ ಏನು ನಂಟು ಎಂದು ಕೇಳಬಹುದು. ನಂಟು ಇದೆ. 2001ರಲ್ಲಿ ಕರ್ನಾಟಕದ ರಾಜ್ಯ ಹೆದ್ದಾರಿಗಳ ಸುಧಾರಣೆಗೆ, 2004ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ನೀರು ಸರಬರಾಜಿಗೆ ಈ ಬ್ಯಾಂಕು ಸಾಲ ಮಂಜೂರು ಮಾಡಿತು. ಸಾಲದ ಪತ್ರಕ್ಕೆ ರುಜು ಹಾಕುವವರು ದೆಹಲಿ, ಬೆಂಗಳೂರಿನ ದೊಡ್ಡವರು. ತೀರಿಸುವ ದುಡ್ಡು ಮಾತ್ರ ಸೋಪು, ಬಿಸ್ಕತ್ತು, ಡೀಸೆಲ್ಲಿನ ಮೇಲಿನ ತೆರಿಗೆಯಾಗಿ ಬೇಗೂರಿನಂಥ ಊರುಗಳಿಂದಲೂ ಹೋಗುತ್ತದೆ.

ಸಾಲದ ಷರತ್ತೇನು, ಯಾರ ಜಮೀನು ಹೋಗುತ್ತದೆ, ಯಾರನ್ನು ಕೇಳಿ ಈ ಯೋಜನೆ ಮಾಡಿದಿರಿ ಎಂದು ತೀರಿಸುವವನು ಕೇಳಬಾರದೇ? ಕೇಳಬಹುದು. "ಅದೆಲ್ಲ ಕಾನ್ಫಿಡೆನ್ಷಿಯಲ್ ಕಣ್ರೀ, ಕೊಡಕ್ಕಾಗಲ್ಲ" ಎಂದು ಉತ್ತರ ಬಂದಾಗ ಮುಂದೇನು ಎಂಬುದೇ ಪ್ರಶ್ನೆ.

ಊರಿನ ಸರಕಾರಿ ಕಚೇರಿಯ ಮಟ್ಟಿಗೆ ದಾರಿ ಸ್ಪಷ್ಟವಾಗಿದೆ. ಕರ್ನಾಟಕ 2000ದಲ್ಲೇ ಮಾಹಿತಿ ಹಕ್ಕಿಗೆ ತನ್ನದೊಂದು ಕಾಯ್ದೆ ಮಾಡಿತ್ತು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಪೂರ್ಣವಾಗಿ ಜಾರಿಗೆ ಬಂತು. 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕೊಡುವುದಿಲ್ಲ ಎಂದರೆ ಕಾರಣ ಬರೆಯಬೇಕು. ಯಾರ ಮುಂದೆ, ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬೇಕು ಎಂದೂ ಬರೆಯಬೇಕು. ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಧಿಕಾರಿಗೆ. ಅಂದರೆ ಮಗನ ಮೇಲಿನ ದೂರು ಅಪ್ಪನ ಮುಂದೆ. ಅಪ್ಪನೂ ಮಗನ ಮಾತೇ ಸರಿ ಎಂದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ಆಯೋಗ ಆ ಇಲಾಖೆಯ ಕೈಕೆಳಗಿನದಲ್ಲ. ಆಯೋಗದಲ್ಲಿ ಕೇಸುಗಳು ಕೊಳೆಯುವುದುಂಟು, ವರ್ಷಗಟ್ಟಲೆ ಅಲೆದಾಟವುಂಟು. ಆದರೂ ಹೊರಗಿನವನೊಬ್ಬ ಕಡತ ತೆಗೆಸಿ ನೋಡುವ ಏರ್ಪಾಡು ಇದೆ.

ವಿಶ್ವಬ್ಯಾಂಕಿಗೆ ಈ ಕಾಯ್ದೆ ತಗುಲುವುದಿಲ್ಲ. ಇಲ್ಲಿನ ಇಲಾಖೆಯಲ್ಲಿರುವ ಕಾಗದವನ್ನು ಕಾಯ್ದೆಯಡಿ ಕೇಳಬಹುದು. ಬ್ಯಾಂಕಿನ ಬೀರುವಿನಲ್ಲಿರುವುದನ್ನು ಬ್ಯಾಂಕಿನ ನಿಯಮದಂತೆಯೇ ಕೇಳಬೇಕು. ಆ ನಿಯಮ 2010ರ ಜುಲೈ 1ರಂದು ಬದಲಾಯಿತು. ಅದಕ್ಕೆ ಮೊದಲು, ಯಾವುದನ್ನು ತೋರಿಸಬಹುದು ಎಂಬ ಪಟ್ಟಿ ಇತ್ತು. ಅಂದಿನಿಂದ, ಯಾವುದನ್ನು ತೋರಿಸಬಾರದು ಎಂಬ ಪಟ್ಟಿ ಬಂತು. ಉಳಿದದ್ದೆಲ್ಲ ತೆರೆದದ್ದು ಎಂದಾಯಿತು. ಅದರ ಜತೆಗೆ ಮೇಲ್ಮನವಿಯ ಎರಡು ಮೆಟ್ಟಿಲು ಕಟ್ಟಿದರು. ಮೊದಲನೆಯದು ಬ್ಯಾಂಕಿನ ಅಧಿಕಾರಿಗಳದೇ ಸಮಿತಿ. ಎರಡನೆಯದು ಹೊರಗಿನ ಮೂವರು ತಜ್ಞರ ಮಂಡಳಿ. ಮೊದಲ ಮೂವರಲ್ಲಿ ಒಬ್ಬರು ಭಾರತದ ಮೊದಲ ಮುಖ್ಯ ಮಾಹಿತಿ ಆಯುಕ್ತ ವಜಾಹತ್ ಹಬೀಬುಲ್ಲಾ. ಏಷ್ಯಾ ಅಭಿವೃದ್ಧಿ ಬ್ಯಾಂಕು ಕೂಡ 2011ರ ತನ್ನ ನೀತಿಯಲ್ಲಿ ಇಂಥದೇ ಹೊರಗಿನ ಮಂಡಳಿಗೆ ಒಪ್ಪಿತು.

ಇದು ಸಣ್ಣ ಗೆಲುವಲ್ಲ. ಆದರೆ ತಕ್ಕಡಿಯ ತಟ್ಟೆ ಎತ್ತಿ ಕೆಳಗೆ ನೋಡಬೇಕು.

ವಿಶ್ವಬ್ಯಾಂಕಿನ ಆ ಮೂವರನ್ನು ಸೂಚಿಸುವವರು ಬ್ಯಾಂಕಿನ ಅಧ್ಯಕ್ಷರು, ಒಪ್ಪುವವರು ಬ್ಯಾಂಕಿನ ನಿರ್ದೇಶಕರು. ಇದು ಮೊದಲನೆಯ ತೂತು.

ಎರಡನೆಯದು ಇನ್ನೂ ದೊಡ್ಡದು. "ಈ ಕಾಗದ ಗುಟ್ಟಿನ ಪಟ್ಟಿಯಲ್ಲಿರಬಹುದು, ಆದರೂ ಜನರ ಹಿತಕ್ಕಾಗಿ ಕೊಡಿ" ಎಂಬ ವಾದ ಹೊರಗಿನ ಮಂಡಳಿಯ ತನಕ ಹೋಗುವುದೇ ಇಲ್ಲ. ಅಧಿಕಾರಿಗಳ ಸಮಿತಿಯ ತೀರ್ಮಾನವೇ ಕೊನೆ. ಇಲ್ಲಿನ ಕಾಯ್ದೆಯಲ್ಲಿ ಸಾರ್ವಜನಿಕ ಹಿತದ ವಾದವನ್ನು ಆಯೋಗದ ಮುಂದೂ ಹೂಡಬಹುದು; ಅಲ್ಲಿ ಹಾಗಿಲ್ಲ.

ಮೂರನೆಯದು, ಸರಕಾರಗಳು ಗುಟ್ಟಾಗಿಡಿ ಎಂದು ಕೊಟ್ಟ ಕಾಗದಗಳೂ ಮುಚ್ಚಿದ ಪಟ್ಟಿಯಲ್ಲಿವೆ. ಸರಕಾರವನ್ನು ಕೇಳಿದರೆ ಬ್ಯಾಂಕಿನ ಕಡೆ ಕೈ ತೋರಿಸುವುದು, ಬ್ಯಾಂಕನ್ನು ಕೇಳಿದರೆ ಸರಕಾರದ ಕಡೆ ಕೈ ತೋರಿಸುವುದು! ಗುಂಡ್ಲುಪೇಟೆಯಲ್ಲಿ ಕೇಳಿದರೆ ಚಾಮರಾಜನಗರ, ಚಾಮರಾಜನಗರದಲ್ಲಿ ಕೇಳಿದರೆ ಗುಂಡ್ಲುಪೇಟೆ ಎನ್ನುವ ಆಟ ಜನಕ್ಕೆ ಹೊಸದಲ್ಲ.

ಹೊರಗಿನವರ ಪರಿಶೀಲನೆಗೆ ಹಲ್ಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬಂಡೀಪುರದ ಕಾಡು ದಾಟಿ, ಕಬಿನಿ ಹಿನ್ನೀರಿನ ಆ ಬದಿಗೆ ನೋಡಿದರೆ ನಾಗರಹೊಳೆ. 1996ರಲ್ಲಿ ವಿಶ್ವಬ್ಯಾಂಕು ಒಪ್ಪಿದ ಪರಿಸರ ಅಭಿವೃದ್ಧಿ ಯೋಜನೆಗೆ ದೇಶದ ಏಳು ಕಾಡುಗಳು ಸೇರಿದ್ದವು, ನಾಗರಹೊಳೆ ಅದರಲ್ಲೊಂದು. ತಮ್ಮನ್ನು ಸರಿಯಾಗಿ ಕೇಳದೆ, ತಿಳಿಸದೆ ಯೋಜನೆ ಮಾಡಿದ್ದಾರೆ, ಕಾಡಿನಿಂದ ಎಬ್ಬಿಸಿಬಿಡುತ್ತಾರೆ ಎಂದು ಅಲ್ಲಿನ ಆದಿವಾಸಿಗಳ ಸಂಘಟನೆ 1998ರ ಏಪ್ರಿಲ್‌ನಲ್ಲಿ ಬ್ಯಾಂಕಿನ ತನಿಖಾ ಮಂಡಳಿಗೆ ದೂರು ಕೊಟ್ಟಿತು. ನರ್ಮದಾ ಗಲಾಟೆಯ ನಂತರ, 1993ರಲ್ಲಿ ಹುಟ್ಟಿದ ಮಂಡಳಿ ಅದು. ಅದರಲ್ಲೂ ಮೂವರು.

ದೂರಿನಲ್ಲಿ ಹುರುಳಿದೆ, ಪೂರ್ಣ ತನಿಖೆ ಆಗಬೇಕು ಎಂದು ಮಂಡಳಿ ಶಿಫಾರಸು ಮಾಡಿತು. ಆದರೆ ತನಿಖೆಗೆ ಅಪ್ಪಣೆ ಕೊಡಬೇಕಾದವರು ಬ್ಯಾಂಕಿನ ನಿರ್ದೇಶಕರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತನಿಖೆ ಬೇಡ ಎಂದರು. ಲೋಪಗಳಿದ್ದರೆ ಬ್ಯಾಂಕಿನ ಆಡಳಿತ ಕರ್ನಾಟಕ ಸರಕಾರ ಮತ್ತು ಅಲ್ಲಿನ ಜನರ ಜತೆ ಕೂತು ಸರಿಮಾಡಿಕೊಳ್ಳಲಿ ಎಂದರು. ಯಾರ ಮೇಲೆ ದೂರೋ ಅವರ ಕೈಗೇ ದೂರು ಹೋಯಿತು!

ಮರುವರ್ಷ, 1999ರಲ್ಲಿ, ಮಂಡಳಿ ತನಿಖೆ ಕೇಳಿದರೆ ದೂರಿನ ಸರಿತಪ್ಪು ಕೆದಕದೆ ನಿರ್ದೇಶಕರು ಅಪ್ಪಣೆ ಕೊಡಬೇಕು ಎಂದು ನಿಯಮ ತಿದ್ದಿದರು. ಒಳ್ಳೆಯದೇ. ನಾಗರಹೊಳೆಯವರ ಪಾಲಿಗೆ ಬಸ್ಸು ಹೋದ ಮೇಲೆ ಕೈ ತೋರಿಸಿದಂತಾಯಿತು ಅಷ್ಟೇ.

ನಾಗರಹೊಳೆಯದು ಮಾಹಿತಿ ಅರ್ಜಿಯಲ್ಲ, ನಿಜ. ಆದರೆ ಪಾಠ ಒಂದೇ. ಪರಿಶೀಲಿಸುವವರು ಹೊರಗಿನವರಾದರೆ ಸಾಲದು, ಅವರ ಮಾತು ನಡೆಯಬೇಕು.

ಎಲ್ಲ ಕಾಗದವನ್ನೂ ಬೀದಿಗೆ ತರಬೇಕೆಂದು ಯಾರೂ ಹೇಳುವುದಿಲ್ಲ. ಅಂಗಡಿಯವನೂ ಖರೀದಿ ಚೀಟಿಯನ್ನು ಗಿರಾಕಿಗೆ ತೋರಿಸುವುದಿಲ್ಲ. ನೌಕರರ ಖಾಸಗಿ ವಿಷಯ, ವಕೀಲರ ಸಲಹೆ ಇಂಥವು ಗುಟ್ಟಾಗಿರಲಿ. ಆದರೆ ಇದು ಗುಟ್ಟು ಹೌದೋ ಅಲ್ಲವೋ ಎಂದು ತೀರ್ಮಾನಿಸುವವನು ಗುಟ್ಟು ಇಟ್ಟುಕೊಂಡವನೇ ಆಗಬಾರದು.

ಆದ್ದರಿಂದ ಸಾರ್ವಜನಿಕ ಹಿತದ ವಾದವೂ ಹೊರಗಿನ ಮಂಡಳಿಯ ಮುಂದೆ ಹೋಗಬೇಕು. ಅದನ್ನು ಮಾಡಬೇಕಾದವರು ಬ್ಯಾಂಕಿನ ನಿರ್ದೇಶಕರು; ಅವರಲ್ಲಿ ಭಾರತದ ಪ್ರತಿನಿಧಿಯೂ ಒಬ್ಬರಿದ್ದಾರೆ. ಸಂಸದರು ವೋಟು ಕೇಳಲು ಬೇಗೂರಿಗೆ ಬಂದಾಗ ಈ ಮಾತನ್ನು ಅವರ ಕಿವಿಗೆ ಹಾಕಬಹುದು.

ರಾಜ್ಯ ಸರಕಾರ ಮಾಡಬೇಕಾದದ್ದು ಇನ್ನೂ ಸುಲಭ. ಹೊರಗಿನ ಬ್ಯಾಂಕಿನ ಸಾಲದಲ್ಲಿ ರಸ್ತೆಯೋ ನೀರೋ ಬರುವ ಕಡೆ, ಗುದ್ದಲಿ ಪೂಜೆಗೆ ಮೊದಲು ಸಾಲದ ಷರತ್ತಿನ ಸಾರಾಂಶವನ್ನು ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬೇಕು. ಕೇಳಿದ ಕಾಗದ ಸಿಗದಿದ್ದರೆ ಎಲ್ಲಿಗೆ ಮನವಿ ಹಾಕಬೇಕು, ಎಷ್ಟು ದಿನದೊಳಗೆ ಎಂಬುದನ್ನೂ ಅದರ ಕೆಳಗೇ ಬರೆಯಬೇಕು. ವಿಶ್ವಬ್ಯಾಂಕಿಗಾದರೆ ಆ ಗಡುವು 60 ದಿನ. ಈ ಒಂದು ಸಾಲು ಗೊತ್ತಿಲ್ಲದವನಿಗೆ ಮೂವರು ತಜ್ಞರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದರೆ ಬೇಗೂರಿನ ಅಂಗಡಿಯವನು ದಂಡ ಕಟ್ಟಬೇಕು. ಆ ದಂಡಕ್ಕೆ ರಸೀತಿಯಾದರೂ ಸಿಗುತ್ತದೆ. ಸಾಲ ತೀರಿಸುವವನು ಕೇಳುತ್ತಿರುವುದೂ ಅಷ್ಟೇ, ಒಂದು ರಸೀತಿ.