ಮಂಡಿಯ ಅನುಭವಕ್ಕೆ ಪ್ರಯೋಗದ ಒರೆಗಲ್ಲು

ಕುಪ್ಪಳ್ಳಿಯ ಆಸುಪಾಸಿನ ಬೆಳೆಗಾರನೊಬ್ಬ ಅಡಿಕೆ ಸುಲಿಸಿ, ಬೇಯಿಸಿ, ಒಣಗಿಸಿ ಮೂಟೆ ಕಟ್ಟಿಟ್ಟಿದ್ದಾನೆ ಎಂದು ಭಾವಿಸೋಣ. ಮಂಡಿಯ ದರ ಖರ್ಚು ಕಳೆದು ಲಾಭ ತರುವಂತಿದೆ. ಆದರೂ ಆತ ಮಾರಲೊಲ್ಲ. ಹಿಂದೊಮ್ಮೆ ಬಂದಿದ್ದ ಗರಿಷ್ಠ ದರ ಅವನ ಮನಸ್ಸಿನಲ್ಲಿ ಬೇರೂರಿದೆ. ಅದಕ್ಕಿಂತ ಕಡಿಮೆಗೆ ಕೊಟ್ಟರೆ ನಷ್ಟವೆಂದೇ ಅವನ ಭಾವನೆ. ಕೆಂಪಡಿಕೆಯ ದರ 2014ರಲ್ಲಿ ದಾಖಲೆಯ ಮಟ್ಟಕ್ಕೇರಿ 2015ರಲ್ಲಿ ಕುಸಿದಾಗ ತೀರ್ಥಹಳ್ಳಿ, ಸಾಗರ, ಹೊಸನಗರಗಳ ವರ್ತಕರು ಇಂತಹ ಬೆಳೆಗಾರರನ್ನು ಹತ್ತಿರದಿಂದಲೇ ಕಂಡಿದ್ದಾರೆ. ಆದರೆ ಇದು ಹಠವೋ, ಮುಂದಿನ ದರದ ಲೆಕ್ಕಾಚಾರವೋ, ಸದ್ಯಕ್ಕೆ ಹಣದ ತುರ್ತಿಲ್ಲವೆಂಬ ನಿಶ್ಚಿಂತೆಯೋ? ಹೊರನೋಟಕ್ಕೆ ಮೂರೂ ಒಂದೇ. ಅನುಭವಕ್ಕೆ ನಡವಳಿಕೆ ಕಾಣುತ್ತದೆ, ಅದರ ಕಾರಣ ಕಾಣುವುದಿಲ್ಲ.

ಈ ಕಾರಣಗಳನ್ನು ಬಿಡಿಸಿ ನೋಡುವ ವಿದ್ಯೆಯೇ ವರ್ತನಾ ಅರ್ಥಶಾಸ್ತ್ರ ಹಾಗೂ ಅದರ ಜೊತೆಗಾರ ಪ್ರಾಯೋಗಿಕ ಅರ್ಥಶಾಸ್ತ್ರ. ಸಮಾನ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟ ಕೊಡುವ ನೋವು ಹೆಚ್ಚೆಂಬುದನ್ನು ಡೇನಿಯಲ್ ಕಾನ್ಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ಪ್ರತಿಪಾದಿಸಿದರು. ಮಾರುಕಟ್ಟೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ಕ್ರಮವನ್ನು ರೂಪಿಸಿದ ವರ್ನನ್ ಸ್ಮಿತ್ ಅವರೊಡನೆ ಕಾನ್ಮನ್ 2002ರ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಸ್ನಾತಕೋತ್ತರ ಹಂತದಲ್ಲಿ ಈ ವಿಷಯವನ್ನು ಆರಿಸಿಕೊಂಡವರು ಕ್ರೀಡಾ ಸಿದ್ಧಾಂತ, ಸಂಖ್ಯಾಶಾಸ್ತ್ರ, ಪ್ರಯೋಗ ವಿನ್ಯಾಸಗಳನ್ನು ಕಲಿಯಬೇಕಾಗುತ್ತದೆ. ಪ್ರಾಯೋಗಿಕ ಅರ್ಥಶಾಸ್ತ್ರದ ಪ್ರಯೋಗದಲ್ಲಿ ಭಾಗವಹಿಸಿದವರಿಗೆ ಅವರವರ ನಿರ್ಧಾರಕ್ಕೆ ತಕ್ಕಂತೆ ನಿಜವಾದ ಹಣವನ್ನೇ ಕೊಡಲಾಗುತ್ತದೆ. ಬಾಯಿಮಾತಿನ ಸಮೀಕ್ಷೆಗೂ ಇದಕ್ಕೂ ಇರುವ ಅಂತರವನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ.

ಕರ್ನಾಟಕದಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ಸುಪ್ರೀತ್ ಕೌರ್, ಮೈಕೆಲ್ ಕ್ರೇಮರ್, ಸೆಂಧಿಲ್ ಮುಲೈನಾಥನ್ ಅವರು ಮೈಸೂರಿನಲ್ಲಿ ದತ್ತಾಂಶ ನಮೂದಿಸುವ ನೌಕರರ ನಡುವೆ ನಡೆಸಿದ ಪ್ರಯೋಗದ ವರದಿ 2015ರಲ್ಲಿ ಪ್ರಕಟವಾಯಿತು. ಮಾಡಿದಷ್ಟು ಕೆಲಸಕ್ಕೆ ಕೂಲಿ ಎಂಬುದು ಅಲ್ಲಿನ ಕ್ರಮ. ಅದರೊಂದಿಗೆ ಇನ್ನೊಂದು ಆಯ್ಕೆಯನ್ನೂ ನೀಡಲಾಯಿತು: ದಿನದ ಗುರಿಯನ್ನು ನೌಕರನೇ ಗೊತ್ತುಮಾಡಿಕೊಳ್ಳಬಹುದು, ಗುರಿ ಮುಟ್ಟಿದರೆ ಹೆಚ್ಚಿನದೇನೂ ಇಲ್ಲ, ತಪ್ಪಿದರೆ ಕೂಲಿಯ ದರ ಅರ್ಧಕ್ಕಿಳಿಯುತ್ತದೆ. ಲೆಕ್ಕದ ಪ್ರಕಾರ ಇದನ್ನು ಯಾರೂ ಒಪ್ಪಬಾರದು. ಆದರೂ ಶೇ. 36ರಷ್ಟು ಸಂದರ್ಭಗಳಲ್ಲಿ ನೌಕರರು ಇದನ್ನೇ ಆರಿಸಿಕೊಂಡರು. ಸಂಬಳದ ದಿನ ಸಮೀಪಿಸಿದಂತೆ ಕೆಲಸದ ಪ್ರಮಾಣವೂ ಏರಿತು. ತಮ್ಮ ಆಲಸ್ಯವನ್ನು ತಾವೇ ಬಲ್ಲವರು ಅದಕ್ಕೊಂದು ಕಡಿವಾಣವನ್ನೂ ಬಯಸುತ್ತಾರೆ ಎಂಬುದು ಇದರ ಸಾರಾಂಶ. ಅಡಿಕೆ ಸುಲಿತಕ್ಕೆ ಅಳತೆಯ ಮೇಲೆ ಕೂಲಿ ಕೊಡುವ ಮಲೆನಾಡಿನವರಿಗೂ, ಪೀಸ್ ರೇಟಿನಲ್ಲಿ ಕೆಲಸ ಮಾಡಿಸುವ ಸಣ್ಣ ಕಾರ್ಖಾನೆಯವರಿಗೂ ಇಲ್ಲಿ ಯೋಚಿಸತಕ್ಕ ಸಂಗತಿಯಿದೆ. ಬಟವಾಡೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಂಬುದು ಕೇವಲ ಗುಮಾಸ್ತರ ಅನುಕೂಲದ ಪ್ರಶ್ನೆಯಲ್ಲ.

ಎರಡನೆಯ ನಿದರ್ಶನ ನೇರವಾಗಿ ಮಾರುಕಟ್ಟೆಗೆ ಸಂಬಂಧಿಸಿದ್ದು. ರಾಜ್ಯದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ಜಾಲಕ್ಕೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾಯಿತು. ಅದರ ಪರಿಣಾಮವನ್ನು ಅಭ್ಯಸಿಸಿದ ತಂಡವೇ ಮುಂದೆ ರಾಜ್ಯದ ದೊಡ್ಡ ಬೇಳೆಕಾಳು ಮಾರುಕಟ್ಟೆಯೊಂದರಲ್ಲಿ ಎರಡು ಹಂತದ ಹರಾಜನ್ನು ಪ್ರಯೋಗಕ್ಕೆ ತಂದಿತು. ಮೊದಲ ಸುತ್ತಿನಲ್ಲಿ ಮುಂಚೂಣಿಯಲ್ಲಿದ್ದವರಿಗೆ ದರ ಹೆಚ್ಚಿಸಲು ಎರಡನೆಯ ಸುತ್ತಿನಲ್ಲಿ ಮತ್ತೊಂದು ಅವಕಾಶ ದೊರೆಯುವುದು ಇದರ ಕ್ರಮ. ದರ ಶೇ. 4.7ರಷ್ಟು ಏರಿತೆಂದು ಸಂಶೋಧಕರು ತಿಳಿಸಿದ್ದಾರೆ. ಬೆಳೆಗಾರನಿಗೆ ಲಾಭವಾದ ಈ ಏರಿಕೆ ಖರೀದಿದಾರನಿಗೆ ವೆಚ್ಚವೇ ಸರಿ. ಆದ್ದರಿಂದಲೇ ವರ್ತಕರು ದೂರ ನಿಲ್ಲುವುದು ವಿವೇಕವಲ್ಲ. ಆ ಸಂಶೋಧಕರು ವರ್ತಕರನ್ನು ಸಂದರ್ಶಿಸಿ, ಅವರು ದರ ನಮೂದಿಸುವ ಬಗೆಯನ್ನು ಕೇಳಿ ತಿಳಿದಿದ್ದರು. ನಾಳೆ ಅಡಿಕೆ ಟೆಂಡರಿನ ನಿಯಮಗಳು ಬದಲಾಗುವುದಾದರೆ ರಾಶಿ, ಬೆಟ್ಟೆ, ಸರಕು, ಗೊರಬಲುಗಳ ವ್ಯತ್ಯಾಸ ಬಲ್ಲವರ ಮಾತು ಅಲ್ಲಿ ದಾಖಲಾಗಬೇಕು. ಇಲ್ಲವಾದಲ್ಲಿ ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡದವರು ನಿಯಮ ಬರೆಯುತ್ತಾರೆ.

ಆಕ್ಷೇಪಗಳಿಲ್ಲದಿಲ್ಲ. ವ್ಯಾಪಾರದ ಗುಟ್ಟು ಹೊರಬೀಳುವ ಭಯ ಸಹಜ. ಮೈಸೂರಿನ ಫಲಿತಾಂಶ ತೀರ್ಥಹಳ್ಳಿಯ ಸುಲಿತದ ಚಪ್ಪರಕ್ಕೆ ಹಾಗೆಯೇ ಅನ್ವಯಿಸಬೇಕೆಂದೂ ಇಲ್ಲ. ಈ ಕ್ಷೇತ್ರ ಕಳಂಕರಹಿತವೂ ಅಲ್ಲ: ನಮೂನೆಯ ಮೇಲ್ಭಾಗದಲ್ಲಿ ಸಹಿ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂದು ಸಾರಿದ 2012ರ ಪ್ರಖ್ಯಾತ ಪ್ರಬಂಧವೊಂದನ್ನು, ಅದರ ಅಂಕಿ ಅಂಶಗಳು ನಂಬಲರ್ಹವಲ್ಲವೆಂದು ಕಂಡುಬಂದುದರಿಂದ 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಆದರೆ ಇವೆಲ್ಲವೂ ಸ್ಥಳೀಯವಾಗಿ, ಎಚ್ಚರಿಕೆಯಿಂದ ಪರೀಕ್ಷಿಸಬೇಕೆಂಬುದಕ್ಕೆ ಕಾರಣಗಳೇ ಹೊರತು ಪರೀಕ್ಷೆಯೇ ಬೇಡವೆಂಬುದಕ್ಕಲ್ಲ.

ಈ ಶಾಸ್ತ್ರವನ್ನು ಅರಸುವ ವಿದ್ಯಾರ್ಥಿಗಳ ಮುಂದೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್, ನೆದರ್‌ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್‌ನಂತಹ ಹೆಸರುವಾಸಿ ಕೇಂದ್ರಗಳಿವೆ. ಮಲೆನಾಡಿನ ಮನೆಗಳ ಮಕ್ಕಳು ಅಲ್ಲಿಗೆ ಹೋಗಿ ಕಲಿಯುವುದು ಸಂತೋಷದ ವಿಷಯ. ಆದರೆ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿಯೇ ಇದೆ. ಪರೀಕ್ಷೆಗೆ ಬೇಕಾದ ಮಾರುಕಟ್ಟೆ ಪಕ್ಕದಲ್ಲಿಯೇ ಇದೆ. ಇವೆರಡನ್ನೂ ಬೆಸೆಯಲು ಭಾರಿ ಬಂಡವಾಳ ಬೇಕಿಲ್ಲ. ಹೆಸರು ಮರೆಮಾಡಿದ ಹಳೆಯ ಟೆಂಡರ್ ಲೆಕ್ಕಗಳು, ಒಂದು ಹಂಗಾಮಿನ ಮಟ್ಟಿಗೆ ಒಂದು ಸುಲಿತದ ಚಪ್ಪರ ಅಥವಾ ಕಾರ್ಖಾನೆಯ ಒಂದು ವಿಭಾಗ, ಒಬ್ಬಿಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಾಧಾರಣ ವೇತನ ಇದ್ದರೆ ಆರಂಭಕ್ಕೆ ಸಾಕು. ವಾಣಿಜ್ಯ ಸಂಘಗಳು ಮೂರು ಷರತ್ತುಗಳನ್ನು ಮಾತ್ರ ಬಿಡಬಾರದು: ಕೆಲಸಗಾರರ ಒಪ್ಪಿಗೆ ಇರಬೇಕು, ಪ್ರಯೋಗದಿಂದಾಗಿ ಯಾರ ಕೂಲಿಯೂ ವಾಡಿಕೆಗಿಂತ ಇಳಿಯಬಾರದು, ಫಲಿತಾಂಶ ವರ್ತಕರಿಗೆ ಹಿತವಾಗದಿದ್ದರೂ ಪ್ರಕಟವಾಗಬೇಕು.

ಸರಕನ್ನು ತೂಗದೆ ಕೊಳ್ಳದ ವರ್ತಕ, ತನ್ನ ನಂಬಿಕೆಗಳನ್ನು ಮಾತ್ರ ತೂಗದೆಯೇ ಇಟ್ಟುಕೊಂಡಿದ್ದಾನೆ. ಆ ತಕ್ಕಡಿಯನ್ನು ಹಿಡಿಯಲು ಕಲಿಯುತ್ತಿರುವ ಯುವಜನರಿಗೆ ಮಂಡಿಯ ಬಾಗಿಲು ತೆರೆಯುವುದು ವ್ಯಾಪಾರದ ಹಿತದೃಷ್ಟಿಯಿಂದಲೇ ಅವಶ್ಯಕ.