ಆಯ್ಕೆಯ ದಿನದ ಅಂಕ, ಮೂರು ವರ್ಷದ ಮೇಲಿನ ಅಂಕ

ಅಭ್ಯಾಸ ಬೋಧನೆಯ ವೀಕ್ಷಣಾ ಪುಸ್ತಕದಲ್ಲಿ ನಾವು ಬರೆಯುವ ಅಂಕಗಳನ್ನು ಮತ್ತೆ ಯಾರಾದರೂ ತೆರೆದು ನೋಡುತ್ತಾರೆಯೇ? ಅಂಕಗಳು ಕ್ರೋಡೀಕರಣಗೊಂಡು ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ, ಪುಸ್ತಕ ಕಪಾಟು ಸೇರುತ್ತದೆ. ಪ್ರಶಿಕ್ಷಣಾರ್ಥಿಯ ಬಗ್ಗೆ ನಾವು ಕೊಟ್ಟ ತೀರ್ಪು ಎಷ್ಟು ನಿಜವಾಯಿತು ಎಂದು ಕೇಳುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಈ ರೂಢಿಯನ್ನು ಪಟ್ಟುಹಿಡಿದು ಪಾಲಿಸುವ ಒಂದು ಸಮುದಾಯವನ್ನು ನಾನು ಕೆಲವು ವರ್ಷಗಳಿಂದ ಗಮನಿಸುತ್ತಿದ್ದೇನೆ: ಅಮೆರಿಕನ್ ಫುಟ್‌ಬಾಲಿನ ಅಭಿಮಾನಿಗಳು. ಅವರ ಚರ್ಚೆಯಿಂದ ಶಿಕ್ಷಕ ಶಿಕ್ಷಣಕ್ಕೆ ಕಲಿಯುವುದಿದೆ ಎಂಬುದು ಈ ಲೇಖನದ ವಾದ.

ಮೊದಲು ಆಟದ ಹಿನ್ನೆಲೆ. ಇದು ನಮ್ಮ ಮಕ್ಕಳು ಆಡುವ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಇದರ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಕಾಲೇಜು ತಂಡಗಳಲ್ಲಿ ಆಡಿ ಬಂದ ಯುವಕರನ್ನು ಈ ತಂಡಗಳು ಪ್ರತಿವರ್ಷ ಏಪ್ರಿಲ್ ಕೊನೆಯಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ನಮಗೆ ಪರಿಚಿತವಾದ ಐಪಿಎಲ್ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟಿನಲ್ಲಿ ಹಾಗಿಲ್ಲ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಹೀಗೆ ಏಳು ಸುತ್ತು. ಸರದಿಗಳನ್ನು ತಂಡಗಳು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳಲೂಬಹುದು. ಹಿಂದುಳಿದವರಿಗೆ ಮೊದಲು ಕೈಚಾಚುವ ಅವಕಾಶ ಕೊಡುವ ಈ ಪದ್ಧತಿ 1936ರಲ್ಲಿ ಆರಂಭವಾಯಿತು. ಆ ವರ್ಷ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವ್ಯಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮುನ್ಸೂಚನೆಯ ಕಷ್ಟ ಮೊದಲ ದಿನವೇ ಕಾಣಿಸಿಕೊಂಡಿತ್ತು.

ಸೋತ ತಂಡದ ಅಭಿಮಾನಿಗಳಿಗೆ ಡ್ರಾಫ್ಟ್ ಎಂದರೆ ಯುಗಾದಿ ಇದ್ದಂತೆ. ಹಳೆಯ ವರ್ಷದ ಕಹಿ ಮುಗಿಯಿತು, ಹೊಸ ಹುಡುಗರು ಬಂದರು, ತಂಡವನ್ನು ಮತ್ತೆ ಕಟ್ಟೋಣ ಎಂಬ ಆಸೆ. ಆಯ್ಕೆ ಮುಗಿದ ಮರುದಿನವೇ ಪತ್ರಿಕೆಗಳು ಪ್ರತಿ ತಂಡದ ಆಯ್ಕೆಗೂ ಎ, ಬಿ, ಸಿ ಎಂದು ಶ್ರೇಣಿ ಕೊಡುತ್ತವೆ. ಆಗ ಹೊಸಬರಲ್ಲಿ ಒಬ್ಬನೂ ಮೈದಾನಕ್ಕೆ ಇಳಿದಿರುವುದಿಲ್ಲ. ಅಭಿಮಾನಿಗಳು ಈ ಶ್ರೇಣಿಯನ್ನು ಹಿಡಿದು ಜಗಳವಾಡುತ್ತಾರೆ. ಆದರೆ ಅನುಭವಸ್ಥರು ಒಂದು ಮಾತನ್ನು ಬಿಡದೆ ಹೇಳುತ್ತಾರೆ: ಮೂರು ವರ್ಷ ಕಳೆಯಲಿ, ಆಮೇಲೆ ನೋಡೋಣ. ಮೂರು ವರ್ಷದ ನಂತರ ಹಳೆಯ ಪಟ್ಟಿಯನ್ನು ಹೊರತೆಗೆದು ಮತ್ತೆ ಶ್ರೇಣಿ ಕೊಡುತ್ತಾರೆ.

ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಡೆಟ್ರಾಯಿಟ್ ಲಯನ್ಸ್ ತಂಡದ ಅಭಿಮಾನಿ. ಈ ಆಟದ ಪರಿಚಯ ನನಗಾದದ್ದು ಅವನಿಂದ. ಲಯನ್ಸ್ ಇತಿಹಾಸ ತಾಳ್ಮೆಯ ಪಾಠದಂತಿದೆ. 2008ರಲ್ಲಿ ಆಡಿದ 16 ಪಂದ್ಯಗಳನ್ನೂ ಸೋತ ತಂಡ ಅದು. ಅದರ ಫಲವಾಗಿ 2009ರಲ್ಲಿ ಮೊದಲ ಸರದಿ ಸಿಕ್ಕಿತು. ಮ್ಯಾಥ್ಯೂ ಸ್ಟ್ಯಾಫರ್ಡ್ ಎಂಬ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ನಡೆಸುವ ಆಟಗಾರ, ಬಂದ. ಅವನು ಸಮರ್ಥನೇ ಆಗಿದ್ದರೂ ಅವನಿದ್ದ ಹನ್ನೆರಡು ವರ್ಷಗಳಲ್ಲಿ ತಂಡ ಒಂದೂ ಪ್ಲೇಆಫ್ ಪಂದ್ಯ ಗೆಲ್ಲಲಿಲ್ಲ. ಒಬ್ಬ ಪ್ರತಿಭಾವಂತ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಅಲ್ಲಿ ಕರಗಿತು.

2021ರಲ್ಲಿ ತಂಡ ಹೊಸದಾಗಿ ಕಟ್ಟಲು ಹೊರಟಿತು. ಹೊಸ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್, ಹೊಸ ಜನರಲ್ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್. ಸ್ಟ್ಯಾಫರ್ಡ್‌ನನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡಕ್ಕೆ ಕೊಟ್ಟು, ಬದಲಿಗೆ ಜ್ಯಾರೆಡ್ ಗಾಫ್‌ನನ್ನೂ ಮುಂದಿನ ಡ್ರಾಫ್ಟುಗಳ ಸರದಿಗಳನ್ನೂ ಪಡೆದರು. ಆ ವರ್ಷದ ಫಲಿತಾಂಶ 3 ಗೆಲುವು, 13 ಸೋಲು, 1 ಸಮ. ಮರುವರ್ಷದ ಮೊದಲ ಏಳು ಪಂದ್ಯಗಳಲ್ಲಿ ಆರು ಸೋಲು. ಅಲ್ಲಿಗೇ ತೀರ್ಪು ಕೊಟ್ಟಿದ್ದರೆ ಪ್ರಯೋಗ ವಿಫಲ ಎಂದೇ ಬರೆಯಬೇಕಿತ್ತು. ಆದರೆ ಆ ವರ್ಷ 9 ಗೆಲುವಿನೊಂದಿಗೆ ಮುಗಿಯಿತು. 2023ರ ಋತುವಿನಲ್ಲಿ 12 ಗೆಲುವು. 2024ರ ಜನವರಿಯಲ್ಲಿ ಲಯನ್ಸ್ 32 ವರ್ಷಗಳ ನಂತರ ಮೊದಲ ಬಾರಿಗೆ ಪ್ಲೇಆಫ್ ಪಂದ್ಯ ಗೆದ್ದಿತು. 24-23ರಿಂದ ಸೋತ ಎದುರಾಳಿ ಅದೇ ಸ್ಟ್ಯಾಫರ್ಡ್ ಇದ್ದ ರ‍್ಯಾಮ್ಸ್.

ನಮಗೆ ಬೇಕಾದ ಮೊದಲ ಪಾಠ 2023ರ ಡ್ರಾಫ್ಟಿನಲ್ಲಿದೆ. ಆ ವರ್ಷ ಲಯನ್ಸ್ 12ನೆಯ ಸರದಿಯಲ್ಲಿ ಜಮೀರ್ ಗಿಬ್ಸ್‌ನನ್ನೂ 18ನೆಯದರಲ್ಲಿ ಜ್ಯಾಕ್ ಕ್ಯಾಂಪ್‌ಬೆಲ್‌ನನ್ನೂ ಆರಿಸಿತು. ಈ ಇಬ್ಬರು ಆಡುವ ಸ್ಥಾನಗಳಿಗೆ ಅಷ್ಟು ಮುಂಚಿನ ಸರದಿಯನ್ನು ವ್ಯಯಿಸಬಾರದು ಎಂಬುದು ಆಗಿನ ಪಂಡಿತರ ಸೂತ್ರ. ಟೀಕೆ ಬಿರುಸಾಗಿತ್ತು. 34ನೆಯವನಾಗಿ ಸ್ಯಾಮ್ ಲಾಪೋರ್ಟಾ, 45ನೆಯವನಾಗಿ ಬ್ರಯಾನ್ ಬ್ರಾಂಚ್ ಬಂದರು. ಮೊದಲ ಋತುವಿನಲ್ಲೇ ಈ ನಾಲ್ವರೂ ತಂಡಕ್ಕೆ ಆಧಾರವಾದರು. ಸೂತ್ರ ಪೂರ್ತಿ ಸುಳ್ಳೆಂದು ಇದರಿಂದ ಸಾಬೀತಾಗುವುದಿಲ್ಲ. ಆ ಹುಡುಗರು ಯಾರ ಕೈಗೆ ಹೋಗುತ್ತಿದ್ದಾರೆ, ಅಲ್ಲಿ ಅವರಿಗೆ ಯಾವ ಕೆಲಸ ಕಾದಿದೆ ಎಂಬ ಅಂಶಕ್ಕೆ ಸೂತ್ರದಲ್ಲಿ ಜಾಗವಿರಲಿಲ್ಲ, ಅಷ್ಟೆ. ನಮ್ಮ ಮೌಲ್ಯಮಾಪನ ನಮೂನೆಗಳಲ್ಲೂ ಅದಕ್ಕೆ ಜಾಗವಿಲ್ಲ. ಪೀಠಿಕೆ, ಪ್ರಶ್ನೆ ಕೇಳುವಿಕೆ, ಕಪ್ಪುಹಲಗೆ ಬಳಕೆ, ಪುನರ್ಬಲನ, ಮುಕ್ತಾಯ ಎಂದು ಅಂಕ ಹಂಚುತ್ತೇವೆ. ಆ ಪ್ರಶಿಕ್ಷಣಾರ್ಥಿಗೆ ಸಿಕ್ಕ ಶಾಲೆ ಎಂಥದು, ಮಾರ್ಗದರ್ಶಕ ಶಿಕ್ಷಕರು ತರಗತಿಗೆ ಬಂದು ಕುಳಿತರೋ ಅಥವಾ ಬದಲಿಗೆ ಪಾಠ ಮಾಡುವವರು ಸಿಕ್ಕರೆಂದು ಬಿಡುವು ಮಾಡಿಕೊಂಡರೋ ಎಂಬುದನ್ನು ಬರೆಯುವುದಿಲ್ಲ.

ಎರಡನೆಯ ಪಾಠ ಅಳತೆಗೆ ಸಂಬಂಧಿಸಿದ್ದು. ಡ್ರಾಫ್ಟಿಗೆ ಮುನ್ನ ಯುವಕರನ್ನು ಒಂದೆಡೆ ಸೇರಿಸಿ ಅಳೆಯುತ್ತಾರೆ. 40 ಗಜ ಎಷ್ಟು ಸೆಕೆಂಡಿನಲ್ಲಿ ಓಡಿದ, ಎಷ್ಟು ಎತ್ತರ ಜಿಗಿದ ಎಂದೆಲ್ಲ ದಾಖಲಾಗುತ್ತದೆ. 2000ದಲ್ಲಿ ಟಾಮ್ ಬ್ರೇಡಿ ಎಂಬ ಯುವಕ ಈ ಓಟಕ್ಕೆ 5.28 ಸೆಕೆಂಡ್ ತೆಗೆದುಕೊಂಡ. ಬಹಳ ನಿಧಾನ. ಆರನೆಯ ಸುತ್ತಿನಲ್ಲಿ 199ನೆಯವನಾಗಿ ಆಯ್ಕೆಯಾದ. ಮುಂದೆ ಏಳು ಬಾರಿ ಸೂಪರ್ ಬೌಲ್ ಗೆದ್ದ. 2007ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಜಮಾರ್ಕಸ್ ರಸೆಲ್‌ನ ತೋಳಿನ ಬಲಕ್ಕೆ ಎಲ್ಲರೂ ಬೆರಗಾಗಿದ್ದರು. ಅವನ ವೃತ್ತಿಜೀವನ ಮೂರೇ ಋತುಗಳಲ್ಲಿ ಮುಗಿಯಿತು. ಗಡಿಯಾರಕ್ಕೆ ಸಿಗುವುದನ್ನು ಅಳೆಯುವುದು ಸುಲಭ. ಒತ್ತಡದ ಕ್ಷಣದಲ್ಲಿ ಏನನ್ನು ಗಮನಿಸುತ್ತಾನೆ, ತಪ್ಪಿದಾಗ ಹೇಗೆ ತಿದ್ದಿಕೊಳ್ಳುತ್ತಾನೆ ಎಂಬುದು ಗಡಿಯಾರಕ್ಕೆ ಸಿಗುವುದಿಲ್ಲ. ಅಂದವಾದ ಚಾರ್ಟು, ಗಟ್ಟಿ ದನಿ, ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಮುಗಿದ ಪಾಠ, ಇವು ನಮ್ಮ 40 ಗಜದ ಓಟ. ಮಗುವೊಂದು ಅನಿರೀಕ್ಷಿತ ಉತ್ತರ ಕೊಟ್ಟಾಗ ಪಾಠಯೋಜನೆಯನ್ನು ಬದಿಗಿಟ್ಟು ಅದರ ಹಿಂದೆ ಹೋಗುವ ಪ್ರಶಿಕ್ಷಣಾರ್ಥಿ ಸಮಯ ಪಾಲಿಸಲಿಲ್ಲವೆಂದು ಅಂಕ ಕಳೆದುಕೊಳ್ಳುತ್ತಾಳೆ.

ಇಲ್ಲಿ ಒಂದು ಎಚ್ಚರ ಬೇಕು. ಬ್ರೇಡಿಯ ಕಥೆಯನ್ನು ಹೇಳಿ ‘ಅಂಕ ಮುಖ್ಯವಲ್ಲ, ಎಲ್ಲರೂ ಮುಂದೆ ಬರುತ್ತಾರೆ’ ಎಂದು ಸಮಾಧಾನ ಹೇಳುವುದು ಸುಲಭ, ಆದರೆ ನಿಜವಲ್ಲ. ಮೊದಲ ಸುತ್ತಿನಲ್ಲಿ ಬಂದವರು ಒಟ್ಟಾರೆಯಾಗಿ ಆರನೆಯ ಸುತ್ತಿನವರಿಗಿಂತ ಚೆನ್ನಾಗಿಯೇ ಆಡುತ್ತಾರೆ. ಪರಿಣತರ ಕಣ್ಣು ಕುರುಡಲ್ಲ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಡ್ರಾಫ್ಟಿನ ಬಗ್ಗೆ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದು ಸ್ಥಾನಕ್ಕೆ ಆಯ್ಕೆಯಾದವನು ಅದೇ ಸ್ಥಾನಕ್ಕೆ ತನ್ನ ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಾಧ್ಯತೆ ನಾಣ್ಯ ಚಿಮ್ಮುವುದಕ್ಕಿಂತ ತುಸುವೇ ಹೆಚ್ಚು ಎಂದು ಅವರು ತೋರಿಸಿದರು. ತಂಡಗಳಿಗೆ ತಮ್ಮ ತೀರ್ಪಿನ ಬಗ್ಗೆ ಇರುವ ವಿಶ್ವಾಸ ಆ ತೀರ್ಪಿನ ನಿಖರತೆಗಿಂತ ದೊಡ್ಡದು ಎಂಬುದು ಅವರ ವಾದ. ನೂರಕ್ಕೆ 86 ಕೊಟ್ಟವಳಿಗೂ 84 ಕೊಟ್ಟವಳಿಗೂ ನಡುವೆ ನಿಜವಾದ ಅಂತರವಿದೆ ಎಂದು ನಂಬುವ ನಮಗೂ ಈ ಮಾತು ತಟ್ಟಬೇಕು.

ಅಭಿಮಾನಿಗಳ ಚರ್ಚೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಅವರ ಪ್ರಶ್ನೆಗಳು. ಹುಡುಗ ಹೇಗಿದ್ದಾನೆ ಎಂಬುದರ ಜೊತೆಗೇ ಅವನನ್ನು ಬೆಳೆಸುವವರು ಯಾರು, ಮೊದಲ ವರ್ಷ ಎಷ್ಟು ಆಡಿಸಬೇಕು, ಯಾವ ಹಿರಿಯನ ಪಕ್ಕದಲ್ಲಿ ನಿಲ್ಲಿಸಬೇಕು ಎಂದು ಕೇಳುತ್ತಾರೆ. ಹುಡುಗ ಸೋತರೆ ಅವನನ್ನಷ್ಟೇ ಬೈಯುವುದಿಲ್ಲ, ಕೋಚನ್ನೂ ಕಟಕಟೆಗೆ ತರುತ್ತಾರೆ. ನಾಲ್ಕನೆಯ ಸುತ್ತಿನಲ್ಲಿ 112ನೆಯವನಾಗಿ ಬಂದ ಅಮಾನ್-ರಾ ಸೇಂಟ್ ಬ್ರೌನ್ ತನಗಿಂತ ಮೊದಲು ಆಯ್ಕೆಯಾದ, ತನ್ನದೇ ಸ್ಥಾನದ 16 ಮಂದಿಯ ಹೆಸರುಗಳನ್ನು ಬಾಯಿಪಾಠ ಹೇಳುತ್ತಾನೆ. ಅವನ ಛಲಕ್ಕೆ ಅವನೇ ಕಾರಣ. ಆದರೆ ಆ ಛಲಕ್ಕೆ ಮೊದಲ ವರ್ಷದಿಂದಲೇ ಮೈದಾನ ಒದಗಿಸಿದ್ದು ತಂಡ.

ನಮ್ಮಲ್ಲಿ ಬಿ.ಎಡ್. ಎರಡು ವರ್ಷದ್ದಾದ ಮೇಲೆ, 2014ರ ಎನ್‌ಸಿಟಿಇ ನಿಯಮಾವಳಿಯಂತೆ ಶಾಲಾನುಭವಕ್ಕೆ ಕನಿಷ್ಠ 20 ವಾರ ಮೀಸಲು. ಬೆಳವಣಿಗೆಯನ್ನು ಕಾಣಲು ಇದು ಸಾಕಷ್ಟು ಅವಧಿ. ಇಷ್ಟು ಅವಧಿ ಇದ್ದೂ ಒಂದೊಂದು ಪಾಠವನ್ನೂ ಬಿಡಿಬಿಡಿಯಾಗಿ ತೂಗಿ ಕೂಡಿಸುತ್ತೇವೆ. ಅದಕ್ಕೆ ನನ್ನ ಸಲಹೆ ಸರಳ. ಮೊದಲ ವೀಕ್ಷಣೆಯ ದಿನ ಅಂಕದ ಕೆಳಗೆ ಮೂರು ಸಾಲು ಬರೆಯೋಣ: ಎಂಟು ವಾರದ ನಂತರ ಈಕೆ ಏನು ಮಾಡಬಲ್ಲಳು ಎಂದು ನನಗೆ ಅನಿಸುತ್ತದೆ, ಹಾಗೆ ಅನಿಸಲು ಇಂದು ಕಂಡ ಯಾವ ಘಟನೆ ಕಾರಣ, ಅದಕ್ಕಾಗಿ ನಾನು ಏನು ಮಾಡುತ್ತೇನೆ. ಕೆಳಗೆ ದಿನಾಂಕ, ಸಹಿ. ಎಂಟು ವಾರದ ನಂತರ ಅದೇ ಪುಟವನ್ನು ಇಬ್ಬರೂ ಕುಳಿತು ಓದೋಣ. ಪ್ರಶಿಕ್ಷಣಾರ್ಥಿಗಳೂ ತಮ್ಮ ತರಗತಿಯ ಮೂವರು ಮಕ್ಕಳ ಬಗ್ಗೆ ಹೀಗೆಯೇ ಬರೆಯಲಿ. ಪಾಠಯೋಜನೆ ಬರೆಯುವುದಕ್ಕಿಂತ ಇದರಿಂದ ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಒಬ್ಬೊಬ್ಬ ಬೋಧಕರಿಗೆ ಹತ್ತಾರು ಪ್ರಶಿಕ್ಷಣಾರ್ಥಿಗಳಿರುವಾಗ ಇದಕ್ಕೆ ಸಮಯವೆಲ್ಲಿ ಎಂದು ಸಹೋದ್ಯೋಗಿಗಳು ಕೇಳಬಹುದು. ‘ಉತ್ತಮ’, ‘ಇನ್ನೂ ಸುಧಾರಿಸಬೇಕು’ ಎಂದು ಎಲ್ಲರ ಪುಸ್ತಕದಲ್ಲೂ ಬರೆಯುವ ಸಾಲುಗಳ ಜಾಗದಲ್ಲೇ ಈ ಮೂರು ಸಾಲು ಹಿಡಿಸುತ್ತವೆ. ಮಕ್ಕಳ ಬಗ್ಗೆ ಮುನ್ನುಡಿದರೆ ಹಣೆಪಟ್ಟಿ ಹಚ್ಚಿದಂತಲ್ಲವೇ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಹಣೆಪಟ್ಟಿಯನ್ನು ನಾವು ಈಗಾಗಲೇ ಮನಸ್ಸಿನಲ್ಲಿ ಹಚ್ಚಿರುತ್ತೇವೆ. ಮನಸ್ಸಿನಲ್ಲಿರುವುದು ಯಾವಾಗಲೂ ಸರಿಯಾಗಿಯೇ ಇರುತ್ತದೆ. ಹುಡುಗ ಪಾಸಾದರೆ ‘ನಾನು ಆಗಲೇ ಹೇಳಿದ್ದೆ’, ಫೇಲಾದರೂ ‘ನಾನು ಆಗಲೇ ಹೇಳಿದ್ದೆ’. ಗಿಬ್ಸ್‌ನ ಆಯ್ಕೆಯನ್ನು ಗೇಲಿ ಮಾಡಿದವರೂ ಮುಂದೆ ಹೀಗೆ ಜಾರಿಕೊಳ್ಳಬಹುದಿತ್ತು, ಆದರೆ ಅವರ ಮಾತು ಅಚ್ಚಾಗಿತ್ತು. ದಿನಾಂಕ ಹಾಕಿ ಬರೆದದ್ದು ಮಾತ್ರ ತಿದ್ದುಪಡಿಗೆ ಸಿಗುತ್ತದೆ.

ಕೊನೆಯದಾಗಿ ಒಂದು ವ್ಯತ್ಯಾಸ. ಲಯನ್ಸ್ ತಂಡ ಬೇಕಾದವನನ್ನು ಆರಿಸಬಹುದು, ಬೇಡವಾದವನನ್ನು ಕೈಬಿಡಬಹುದು. ನಮ್ಮ ಸರಕಾರಿ ಶಾಲೆಯ ಶಿಕ್ಷಕಿಗೆ ಡ್ರಾಫ್ಟ್ ಇಲ್ಲ. ಜೂನ್ ತಿಂಗಳಲ್ಲಿ ಬಾಗಿಲಿಗೆ ಬಂದ ಅಷ್ಟೂ ಮಕ್ಕಳು ಅವಳ ತಂಡ. ಯಾರನ್ನೂ ಬದಲಾಯಿಸಿಕೊಳ್ಳುವಂತಿಲ್ಲ. ಆದ್ದರಿಂದ ಆರಿಸುವ ಜಾಣ್ಮೆಗಿಂತ ಬೆಳೆಸುವ ಜಾಣ್ಮೆಯೇ ಅವಳ ವೃತ್ತಿ. ಅದನ್ನು ಅವಳು ಕಲಿಯುವುದು ನಮ್ಮಿಂದ. ಮೊದಲ ಪಾಠದ ದಿನವೇ ಅವಳಿಗೆ ಶ್ರೇಣಿ ಬರೆದು ಪುಸ್ತಕ ಮುಚ್ಚಿದರೆ, ಅವಳೂ ಜೂನ್ ತಿಂಗಳಲ್ಲೇ ಮಕ್ಕಳ ಪುಸ್ತಕ ಮುಚ್ಚುತ್ತಾಳೆ. ಬರುವ ಇಂಟರ್ನ್‌ಶಿಪ್ ತಂಡದಿಂದಲೇ ನಮ್ಮ ವೀಕ್ಷಣಾ ಪುಸ್ತಕದಲ್ಲಿ ಆ ಮೂರು ಸಾಲಿಗೆ ಜಾಗ ಮಾಡೋಣ.